ತೊಳೆಯುವ ಮುಂಚಿನ ಚಿತ್ರ

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಶಿವಮೊಗ್ಗದ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಹಿರಿಯ ರೇಡಿಯಾಲಜಿಸ್ಟ್ ಆಗಿದ್ದೆ. ನಮ್ಮಲ್ಲಿಗೆ ಆಗತಾನೇ ಹೊಸ ಸಾಫ್ಟ್‌ವೇರ್ ಬಂದಿತ್ತು. ಅದು ಸಿ.ಟಿ. ಸ್ಕ್ಯಾನಿನ ನೂರಾರು ಪದರಗಳನ್ನು ಜೋಡಿಸಿ ದೊಡ್ಡ ಕರುಳನ್ನು ಸುರಂಗದಂತೆ ತೋರಿಸುತ್ತಿತ್ತು. ಮೌಸ್ ಹಿಡಿದು ಒಳಗೆಲ್ಲ ಓಡಾಡಬಹುದಿತ್ತು. ಹಿಂದಿನ ದಿನ ರೋಗಿಗೆ ಕುಡಿಸುವ ಔಷಧಿಯಿಂದಾಗಿ, ಕರುಳಿನಲ್ಲಿ ಉಳಿದ ಮಲ ಮತ್ತು ನೀರು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತವೆ. ಆ ಬಿಳಿಯನ್ನೆಲ್ಲ ಕಂಪ್ಯೂಟರ್ ಅಳಿಸಿ ಸುರಂಗವನ್ನು ಚೊಕ್ಕಟ ಮಾಡುತ್ತಿತ್ತು. ಇದಕ್ಕೆ ಎಲೆಕ್ಟ್ರಾನಿಕ್ ಕ್ಲೆನ್ಸಿಂಗ್ ಎನ್ನುತ್ತಾರೆ. ನನಗಂತೂ ಅದರ ಹುಚ್ಚು ಹಿಡಿದಿತ್ತು.

ಷಡಾಕ್ಷರಪ್ಪ ಬಂದದ್ದು ಆಗಲೇ. ಭದ್ರಾವತಿಯವರು, ಅರವತ್ತೊಂದು ವರ್ಷ. ಎರಕದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಬಿರುಕು ಹುಡುಕುವ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮಲದಲ್ಲಿ ರಕ್ತ ಹೋಗುತ್ತಿತ್ತು. ಬೇರೆ ಕಡೆ ಕೊಲೊನೋಸ್ಕೋಪಿ ಮಾಡಿದಾಗ ಕ್ಯಾಮೆರಾದ ಕೊಳವೆ ಕರುಳಿನ ತಿರುವಿನಲ್ಲಿ ನಿಂತು ಮುಂದೆ ಹೋಗಿರಲಿಲ್ಲ. ಉಳಿದ ಬಲಭಾಗದಲ್ಲಿ ಏನಿದೆ ಎಂದು ನಾನು ಹೇಳಬೇಕಿತ್ತು.

ಅವರನ್ನು ಮಾನಿಟರಿನ ಮುಂದೆ ಕೂರಿಸಿ, ಕಂಪ್ಯೂಟರ್ ಕೊಳೆಯನ್ನೆಲ್ಲ ತೊಳೆದುಕೊಟ್ಟ ಚಿತ್ರ ಇದು ಎಂದು ಹೇಳಿ ತೋರಿಸಿದೆ. ಗುಲಾಬಿ ಬಣ್ಣದ ಸುರಂಗ, ಎಲ್ಲೂ ಒಂದು ಗಂಟಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡರು.

“ಮೇಡಂ, ತೊಳೆಯೋಕೆ ಮುಂಚಿನದು ನೋಡಿದ್ರಾ?”

“ಯಾಕೆ ಯಜಮಾನ್ರೇ, ಕೊಳೆ ನೋಡಿ ಏನು ಮಾಡ್ತೀರಿ?” ಎಂದು ನಕ್ಕೆ.

“ನಮ್ಮಲ್ಲಿ ಪೀಸಿಗೆ ಶಾಟ್ ಬ್ಲಾಸ್ಟ್ ಮಾಡ್ತಿದ್ರು. ಸಣ್ಣ ಸಣ್ಣ ಗುಂಡು ಹೊಡೆದು ಕ್ಲೀನ್ ಮಾಡೋದು. ಪೀಸ್ ಪಳಪಳ ಅನ್ನುತ್ತೆ, ಆದ್ರೆ ಬಿರುಕಿನ ಬಾಯಿ ಮುಚ್ಚಿಹೋಗಿರುತ್ತೆ. ಅದಕ್ಕೇ ನಾನು ಮುಂಚೆನೇ ಒಂದ್ಸಲ ನೋಡಿಬಿಡ್ತಿದ್ದೆ.”

“ಇದು ಕಬ್ಬಿಣ ಅಲ್ಲ. ಆರಾಮಾಗಿ ಹೋಗಿ ಬನ್ನಿ,” ಎಂದೆ.

ತೊಳೆಯದ ಮೂಲ ಪದರಗಳನ್ನೂ ಒಂದೊಂದಾಗಿ ನೋಡುವುದು ನಿಯಮ. ಅಂದು ಇನ್ನೂ ಹನ್ನೊಂದು ಸ್ಕ್ಯಾನ್‌ಗಳು ಕಾಯುತ್ತಿದ್ದವು. ಪದರಗಳನ್ನು ಬಿರಬಿರನೆ ಉರುಳಿಸಿದೆ. ನೋಡಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಡ್ಡೆ ಇಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ನನ್ನ ವರದಿಯನ್ನು ನಂಬಿ ಅವರಿಗೆ ಮೂಲವ್ಯಾಧಿಯ ಚಿಕಿತ್ಸೆ ನಡೆಯಿತು.

ಎರಡು ವರ್ಷದ ನಂತರ ಕರುಳು ಕಟ್ಟಿಕೊಂಡು, ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರಿದರು. ಹೊಸ ಸ್ಕ್ಯಾನ್ ನನ್ನ ಬಳಿಗೇ ಬಂತು. ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹರಡಿತ್ತು. ಹಳೆಯದನ್ನು ತೆರೆದು ಕ್ಲೆನ್ಸಿಂಗ್ ಆಫ್ ಮಾಡಿದೆ. ಬಲಗರುಳಿನ ಗೋಡೆಗೆ ಅಂಟಿದಂತೆ ಚಪ್ಪಟೆ ಗಡ್ಡೆ, ಇಪ್ಪತ್ತೆರಡು ಮಿಲಿಮೀಟರ್. ಮೇಲೆ ಬಿಳಿ ಔಷಧಿ ಮೆತ್ತಿಕೊಂಡಿತ್ತು. ಕಂಪ್ಯೂಟರ್ ಬಿಳಿಯ ಜೊತೆಗೆ ಗಡ್ಡೆಯನ್ನೂ ಅಳಿಸಿಹಾಕಿತ್ತು.

ಲ್ಯಾಪ್‌ಟಾಪ್ ಹಿಡಿದು ವಾರ್ಡಿಗೆ ಹೋದೆ. ತಪ್ಪನ್ನು ಯಂತ್ರದ ತಲೆಗೆ ಕಟ್ಟಬಹುದಿತ್ತು. ಮನಸ್ಸು ಒಪ್ಪಲಿಲ್ಲ.

“ಅವತ್ತೇ ಇತ್ತು. ನಾನು ಸರಿಯಾಗಿ ನೋಡಲಿಲ್ಲ.”

ಷಡಾಕ್ಷರಪ್ಪ ದಿಂಬಿಗೆ ಒರಗಿ ಎದ್ದು ಕುಳಿತರು. “ಕ್ಷಮಿಸಿ ಅಂತ ಮಾತ್ರ ಕೇಳಬೇಡಿ ಮೇಡಂ. ನನ್ನ ಕೈಲಿ ಆಗಲ್ಲ,” ಎಂದರು. ಆಮೇಲೆ, “ತೊಳೆಯೋಕೆ ಮುಂಚಿನದು ಈಗಾದ್ರೂ ತೋರಿಸಿ.”

ತೋರಿಸಿದೆ. ಪದರಗಳನ್ನು ನಿಧಾನವಾಗಿ ಸರಿಸುತ್ತ ಹೋದೆ. ನಾನು ಹೇಳುವ ಮೊದಲೇ ಅವರ ಬೆರಳು ಗಡ್ಡೆಯ ಮೇಲೆ ಬಂದು ನಿಂತಿತು.

“ಈ ಪೀಸ್ ನಾನು ಪಾಸ್ ಮಾಡ್ತಿರಲಿಲ್ಲ.”

ಐದು ತಿಂಗಳಲ್ಲಿ ಅವರು ತೀರಿಕೊಂಡರು. ಈಗ ನಾನು ಮೊದಲು ತೊಳೆಯದ ಚಿತ್ರವನ್ನೇ ತೆರೆಯುತ್ತೇನೆ, ಸುರಂಗ ಆಮೇಲೆ. ರೋಗಿ ಏನಾದರೂ ಕೇಳಿದರೆ ನಗುವುದಿಲ್ಲ; ಅವರು ಕೇಳಿದ್ದನ್ನು ಅವರೆದುರಿಗೇ ತೆರೆದು ನೋಡುತ್ತೇನೆ. ಷಡಾಕ್ಷರಪ್ಪನವರು ಕೇಳಿದ ದಿನ ಅದಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು.