ಅನ್ನ ಮುಟ್ಟಿ ಹಾಕಿದ ವೋಟು

ಸೊನ್ನೆ.

ಶಾಹೀನಾಗೆ ಬಿದ್ದ ವೋಟು ಅಷ್ಟೇ. ಸೋತಿದ್ದರೆ ಬೇಜಾರಿರಲಿಲ್ಲ, ಸೋಲು ಗೆಲುವು ಇದ್ದದ್ದೇ. ಆದರೆ ಅವಳೂ ಆ ಕ್ಲಾಸಿನಲ್ಲಿ ಒಬ್ಬ ವೋಟರ್ ತಾನೆ? ಚೀಟಿಯಲ್ಲಿ ಯಾರ ಹೆಸರು ಬರೆಯುತ್ತಿದ್ದಾಳೆ ಅಂತ ಪಕ್ಕದವರಿಗೂ ಕಾಣದ ಹಾಗೆ ಏರ್ಪಾಡು ಮಾಡಿದ್ದೆ. ಹಾಗಿದ್ದೂ ಹುಡುಗಿ ತನ್ನ ವೋಟನ್ನು ತನಗೇ ಹಾಕಿಕೊಂಡಿರಲಿಲ್ಲ.

ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಮನೆಯವರ ವೋಟೂ ಬೀಳದೆ ಸೋತವರನ್ನು ನಾನು ನೋಡಿದ್ದೇನೆ. (ಅಂಥವರ ಹೆಂಡತಿಯನ್ನು ಊರಿಗೆ ಊರೇ ವರ್ಷಗಟ್ಟಲೆ ಅನುಮಾನದಿಂದ ನೋಡುತ್ತದೆ.) ಆದರೆ ತಾನೇ ನಿಂತು, ತನ್ನ ವಿರುದ್ಧವೇ ವೋಟು ಹಾಕಿ ಬಂದವರನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನಾನು ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವವಳು ಅಂತ ಈ ಅಂಕಣ ಓದುವವರಿಗೆ ಗೊತ್ತು. ಕಾಲೇಜು ಯಾವುದು ಅಂತ ಮಾತ್ರ ಕೇಳಬೇಡಿ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಯಾವ ಊರನ್ನು ಇಟ್ಟುಕೊಂಡರೂ ಕಥೆ ಬದಲಾಗುವುದಿಲ್ಲ. ನಮ್ಮ ಸಬ್ಜೆಕ್ಟ್ ಬೇಕು ಅಂತ ಬರುವವರು ಬಹಳ ಕಮ್ಮಿ. ಬಿ.ಕಾಂ. ಸೀಟು ಸಿಗದವರು ಬರುತ್ತಾರೆ. ಫ್ರೆಂಡ್ ಸೇರಿದಳು ಅಂತ ಸೇರಿದವರು ಬರುತ್ತಾರೆ. ಗಂಡು ಸಿಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವುದು ಯಾಕೆ ಅಂತ ಅಪ್ಪ ಅಮ್ಮ ಕಳಿಸಿದವರು ಬರುತ್ತಾರೆ. ಇಂಥವರ ಮುಂದೆ ಮೊದಲ ದಿನವೇ ‘ರಾಜ್ಯದ ಮೂಲಾಂಶಗಳು’ ಅಂತ ಬೋರ್ಡಿನ ಮೇಲೆ ಬರೆದರೆ ಏನಾಗುತ್ತದೆ? ಎರಡನೇ ದಿನ ಬೆಂಚು ಖಾಲಿ.

ಅದಕ್ಕೇ ನನ್ನದೊಂದು ಪದ್ಧತಿ. ಮೊದಲ ದಿನ ಪಾಠ ಇಲ್ಲ, ಎಲೆಕ್ಷನ್. ಕ್ಲಾಸಿಗೊಬ್ಬ ಪ್ರತಿನಿಧಿ ಬೇಕಲ್ಲ, ಸಿ.ಆರ್. ಅಂತಾರೆ. ಬೇರೆ ಮೇಷ್ಟರುಗಳು ಮುಂದಿನ ಬೆಂಚಿನವನನ್ನು ತೋರಿಸಿ “ನೀನೇ ಇರಪ್ಪ” ಅಂದು ಮುಗಿಸುತ್ತಾರೆ. ನಾನು ಹಾಗಲ್ಲ. ಹೆಸರು ಕೊಡಬೇಕು, ಭಾಷಣ ಮಾಡಬೇಕು, ಗುಟ್ಟಾಗಿ ವೋಟು ಹಾಕಬೇಕು, ಎಲ್ಲರೆದುರು ಎಣಿಸಬೇಕು. ಕೈಯಾರೆ ಒಂದು ಸಲ ಮಾಡಿದರೆ ರಾಜಕೀಯ ಅಂದರೆ ಏನು ಅಂತ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ ಅಂತ ನನ್ನ ನಂಬಿಕೆಯಾಗಿತ್ತು. ನಂಬಿಕೆಯಾಗಿತ್ತು ಅಂತಲೇ ಬರೆಯುತ್ತಿದ್ದೇನೆ, ನೋಡಿ.

ಈ ಸಲ ಎದ್ದ ಕೈ ಎರಡು. ಒಂದು ಮನೋಜನದು, ಇನ್ನೊಂದು ಶಾಹೀನಾಳದು.

ಮನೋಜ ಒಳ್ಳೆಯ ಹುಡುಗ. ಇದನ್ನು ಈಗಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಬೋರ್ಡು ಒರೆಸುತ್ತಾನೆ, ಕರೆಂಟು ಹೋದರೆ ಓಡಿ ಹೋಗಿ ಕಿಟಕಿ ತೆಗೆಯುತ್ತಾನೆ, ಯಾರಿಗಾದರೂ ಬಸ್ ಪಾಸ್ ಸಮಸ್ಯೆಯಾದರೆ ಡಿಪೋವರೆಗೂ ಜೊತೆಗೆ ಹೋಗುತ್ತಾನೆ. ತೋಟ ಹೊಲ ಇರುವ ಮನೆ, ದೊಡ್ಡಪ್ಪ ಪಂಚಾಯ್ತಿ ಮೆಂಬರು. ಅವನ ಭಾಷಣದಲ್ಲಿ ‘ಎಲ್ಲರನ್ನೂ ಜೊತೆಗೆ ಕರಕೊಂಡು ಹೋಗ್ತೀನಿ’ ಅನ್ನುವ ಮಾತು ಪದೇ ಪದೇ ಬಂತು. ಎಲ್ಲಿಗೆ ಅಂತ ಹೇಳಲಿಲ್ಲ. (ದೊಡ್ಡವರೂ ಹೇಳುವುದಿಲ್ಲ.)

ಶಾಹೀನಾಳ ಅಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುವವರು. ಇಡೀ ಕ್ಲಾಸಿನಲ್ಲಿ ಬಿ.ಕಾಂ. ಸಿಕ್ಕಿದರೂ ಬೇಡ ಅಂದು ನಮ್ಮ ಸಬ್ಜೆಕ್ಟಿಗೆ ಬಂದವಳು ಇವಳೊಬ್ಬಳೇ. ಅಡ್ಮಿಷನ್ ದಿನ ಯಾಕಮ್ಮ ಅಂತ ಕೇಳಿದ್ದಕ್ಕೆ, ಪೇಪರಿನಲ್ಲಿ ಬರುವುದೆಲ್ಲ ಯಾಕೆ ಹಾಗೆ ನಡೆಯುತ್ತೆ ಅಂತ ತಿಳಿದುಕೊಳ್ಳಬೇಕು ಅಂದಿದ್ದಳು. ಆ ಮಾತು ಕೇಳಿ ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಅವಳು ಎದ್ದು ನಿಂತಳು, ದುಪಟ್ಟಾ ಸರಿ ಮಾಡಿಕೊಂಡಳು, ನೆಲ ನೋಡುತ್ತಾ ಒಂದೇ ಮಾತು ಹೇಳಿದಳು.

“ಲೇಡೀಸ್ ಟಾಯ್ಲೆಟ್ ಕೀ ನಮ್ ಕೈಲಿರ್ಬೇಕು.”

ಕೂತಳು. ಭಾಷಣ ಮುಗೀತು.

ಆ ಕೀ ವಿಷಯ ನಿಮಗೆ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಸದಾ ಬೀಗ. ಹೊರಗಿನವರು ಬಂದು ಗಲೀಜು ಮಾಡುತ್ತಾರೆ ಅನ್ನುವುದು ಕಾರಣ. ಕೀ ಇರುವುದು ಆಫೀಸಿನಲ್ಲಿ, ಗುಮಾಸ್ತರ ಟೇಬಲ್ಲಿನ ಡ್ರಾಯರಿನಲ್ಲಿ. ಹುಡುಗಿ ಹೋಗಬೇಕು, ಫೀಸು ಕಟ್ಟಲು ನಿಂತ ಹುಡುಗರ ಸಾಲು ದಾಟಬೇಕು, ಸಾರ್ ಕೀ ಅನ್ನಬೇಕು. ಅವರು ತಲೆಯೆತ್ತಿ ಯಾವ ಕೀ ಅಂತ ಕೇಳುತ್ತಾರೆ. ಯಾವ ಕೀ ಅಂತ ಅಷ್ಟು ಜನರೆದುರು ಹೇಳಬೇಕು. ಈ ಫಜೀತಿಯೇ ಬೇಡ ಅಂತ ನಮ್ಮ ಹುಡುಗಿಯರು ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಬಾಟಲಿ ತರುತ್ತಾರೆ, ತುಂಬಿದ ಹಾಗೇ ವಾಪಸ್ ಒಯ್ಯುತ್ತಾರೆ. ಅಡ್ಮಿಷನ್ನಿಗೆ ಓಡಾಡುವಾಗಲೇ ಹೊಸ ಹುಡುಗಿಯರಿಗೂ ಈ ಕೀ ಪರಿಚಯ ಆಗಿಬಿಡುತ್ತದೆ.

ನೀವೇ ಹೇಳಬಹುದಿತ್ತಲ್ಲ ಮೇಡಂ ಅನ್ನುತ್ತೀರಿ. ಹೇಳಿ ಹೇಳಿ ಸಾಕಾಗಿದೆ. ಪ್ರತಿ ಮೀಟಿಂಗಿನಲ್ಲೂ ಬಂದ ಉತ್ತರ ಒಂದೇ. ಮಕ್ಕಳಿಂದ ಕಂಪ್ಲೇಂಟ್ ಬಂದಿಲ್ಲ, ಬಂದರೆ ಸಿ.ಆರ್. ಮೂಲಕ ಬರಲಿ, ನೋಡೋಣ. ಸಿ.ಆರ್. ಆಗುವವರು ಯಾವಾಗಲೂ ಹುಡುಗರು. ಅವರಿಗೆ ಆ ಕೀ ಯಾಕೆ ಬೇಕು?

ಹಾಗಾಗಿ ಶಾಹೀನಾ ಕೂತಾಗ ಹುಡುಗಿಯರು ಬೆಂಚು ಬಡಿದ ಸದ್ದಿಗೆ ಪಕ್ಕದ ಕ್ಲಾಸಿನ ಮೇಷ್ಟರು ಇಣುಕಿ ನೋಡಿದರು. ಕ್ಲಾಸಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದೆ. ಹುಡುಗಿ ಗೆದ್ದಳು, ಕೀ ಬಂತು. ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ವೋಟಿಂಗ್ ಊಟ ಆದಮೇಲೆ ಇಟ್ಟುಕೊಳ್ಳೋಣವಾ ಅಂತ ಮನೋಜ ವಿನಯದಿಂದ ಕೇಳಿದ. ನನಗೂ ಹಸಿವಾಗಿತ್ತು, ಆಗಲಿ ಅಂದೆ.

ಮಕ್ಕಳೆಲ್ಲ ಹಿಂದಿನ ಹೊಂಗೆ ಮರದ ಕೆಳಗೆ ಹೋಗಿ ಕೂತರು. ಊಟ ಮುಗಿಸಿ ಬರುವಾಗ ಎಲ್ಲರೂ ಗುಂಪಾಗಿ, ಶಾಂತವಾಗಿ ಬಂದರು. ಮದುವೆ ಮಾತುಕತೆ ಮುಗಿಸಿ ಬರುವ ಹಿರಿಯರ ಹಾಗೆ. ಮನೋಜ ಮುಂದೆ ಬಂದು, “ಮೇಡಂ, ಎಲೆಕ್ಷನ್ ಬೇಡ. ಮಾತಾಡ್ಕೊಂಡ್ವಿ” ಅಂದ. ಹಿಂದಿನಿಂದ ಯಾರೋ ತೆಲುಗಿನಲ್ಲಿ “ಅಂದರೂ ಒಪ್ಕುನ್ನಾರು ಮೇಡಂ” ಅಂದರು. ಎಲ್ಲರೂ ಒಪ್ಪಿದ್ದಾರಂತೆ. ಏನು ಒಪ್ಪಿದ್ದಾರೆ? ಮೊದಲ ಸೆಮಿಸ್ಟರ್ ಮನೋಜ ಸಿ.ಆರ್., ಎರಡನೇ ಸೆಮಿಸ್ಟರ್ ಶಾಹೀನಾ. ಎಲೆಕ್ಷನ್ ಅಂತ ಮಾಡಿದರೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಆಗಿ ಕ್ಲಾಸಿನ ಒಗ್ಗಟ್ಟು ಕೆಡುತ್ತದಂತೆ.

ಅಧಿಕಾರ ಹಂಚಿಕೆ! ಸಮ್ಮಿಶ್ರ ಸರ್ಕಾರದ ಪಾಠ ನಾನು ಮಾಡುವುದು ಕೊನೆಯ ವರ್ಷದಲ್ಲಿ. ಇವರು ಮೊದಲ ದಿನವೇ ಪ್ರಾಕ್ಟಿಕಲ್ ಮುಗಿಸಿಕೊಂಡು ಬಂದಿದ್ದರು. ಮೀನಿನ ಮರಿಗೆ ಈಜು ಕಲಿಸಲು ಹೊರಟ ನನ್ನ ತಲೆಗೆ ಏನು ಹೇಳಬೇಕು?

ನನಗೆ ರೇಗಿತು. ಅವಿರೋಧ ಗಿವಿರೋಧ ಎಲ್ಲ ನಿಮ್ಮ ಊರಲ್ಲಿ ಇಟ್ಟುಕೊಳ್ಳಿ, ಹೆಸರು ವಾಪಸ್ ತಗೊಳ್ಳುವ ಟೈಮು ಮುಗಿದಿದೆ, ವೋಟು ಹಾಕಲೇಬೇಕು ಅಂದೆ. ಡಯಾಸಿನ ಮೂಲೆಗೆ ಮೇಜು ಎಳೆಸಿ, ನಕಾಶೆ ನೇತು ಹಾಕಿದ ಸ್ಟ್ಯಾಂಡನ್ನು ಪರದೆಯ ಹಾಗೆ ಅಡ್ಡ ನಿಲ್ಲಿಸಿ, ಅದರ ಹಿಂದೆ ಒಬ್ಬೊಬ್ಬರೇ ಹೋಗಿ ಬರೆದು ರಟ್ಟಿನ ಪೆಟ್ಟಿಗೆಗೆ ಚೀಟಿ ಹಾಕುವ ಹಾಗೆ ಮಾಡಿದೆ. ನನಗೆ ಧೈರ್ಯವಿತ್ತು. ಮರದ ಕೆಳಗೆ ಯಾರು ಏನು ಒಪ್ಪಿಸಿದರೂ ಪರದೆಯ ಹಿಂದೆ ಹುಡುಗಿಯರು ಒಬ್ಬೊಬ್ಬರೇ ತಾನೆ? ಗುಪ್ತ ಮತದಾನ ಇರುವುದೇ ಅದಕ್ಕಲ್ಲವಾ?

ಎಣಿಸಿದರು. ಎಲ್ಲ ಚೀಟಿಯಲ್ಲೂ ಮನೋಜ.

ಕ್ಲಾಸು ಬಿಟ್ಟಮೇಲೆ ಶಾಹೀನಾಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡೆ. ಹೆದರಿಸಿದರಾ ಅಂತ ಕೇಳಿದೆ. ಇಲ್ಲ ಅಂದಳು. ಮತ್ತೆ? ಮರದ ಕೆಳಗೆ ಒಂದು ಡಬ್ಬಿಯ ಅನ್ನದ ಮೇಲೆ ಎಲ್ಲರೂ ಕೈ ಇಟ್ಟು, ಮಾತಾಡಿದ ಹಾಗೇ ನಡೀತೀವಿ ಅಂತ ಆಣೆ ಮಾಡಿದರಂತೆ. ದೇವರ ಮೇಲೆ ಬೇಡ, ನಮ್ಮ ದೇವರು ಬೇರೆ ಅವರ ದೇವರು ಬೇರೆ, ಅನ್ನ ಎಲ್ಲರಿಗೂ ಒಂದೇ ಅಂತ ಮನೋಜನೇ ಹೇಳಿದನಂತೆ. ಎಷ್ಟು ಚೆಂದದ ಮಾತು! ಸೌಹಾರ್ದದ ಭಾಷಣಕ್ಕೆ ಹಾಗೇ ಎತ್ತಿಕೊಳ್ಳಬಹುದು.

“ವೋಟು ಗುಟ್ಟು ಕಣಮ್ಮ,” ಅಂದೆ. “ನೀನು ಯಾರಿಗೆ ಹಾಕಿದೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ನಂಗೆ ಗೊತ್ತಾಗ್ತಿತ್ತಲ್ಲ ಮೇಡಂ,” ಅಂದಳು.

ಅವಳು ಹೇಳಿದ್ದು ತಪ್ಪೂ ಅಲ್ಲ. ಮಕ್ಕಳು ಕೊಟ್ಟ ಮಾತಿಗೆ ತಪ್ಪಬಾರದು ಅಂತ ನಾವೇ ತಾನೆ ಹೇಳಿಕೊಡುವುದು? ಪೆಟ್ಟಿಗೆಗೆ ಪರದೆ ಕಟ್ಟಬಹುದು. ಆಣೆ ಹೊತ್ತುಕೊಂಡು ಪರದೆಯ ಹಿಂದೆ ಹೋದವಳಿಗೆ ಇನ್ನೆಲ್ಲಿ ಪರದೆ ಕಟ್ಟಲಿ?

ಬಸ್ಸಿನಲ್ಲಿ ಬರುವಾಗ ನಮ್ಮಜ್ಜಿ ನೆನಪಾದಳು. ನನ್ನ ತವರು ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿ. ವೋಟಿನ ಹಿಂದಿನ ದಿನ ಮನೆಗೊಬ್ಬರಂತೆ ಗುಡಿಯ ಅಂಗಳಕ್ಕೆ ಕರೆಸುತ್ತಿದ್ದರು. ತಟ್ಟೆಯಲ್ಲಿ ಅನ್ನ, ಅದರ ಮೇಲೆ ಎಲ್ಲರ ಕೈ. ಒಂದು ಸಲ ಅಜ್ಜಿಗೆ ಎದುರು ಪಾರ್ಟಿಯವನ ಮೇಲೆ ಮನಸ್ಸಿತ್ತು, ನಮ್ಮ ಬೀದಿಗೆ ಬೋರ್‌ವೆಲ್ ಹಾಕಿಸಿದವನು ಅವನೇ. ಆದರೂ ಆಣೆ ಮಾಡಿದ ಕಡೆಗೇ ಒತ್ತಿ ಬಂದು, ಹೊರಗೆ ಜಗಲಿಯ ಮೇಲೆ ಕೂತು ಅತ್ತಿದ್ದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಓದು ಬಂದರೆ ಇದೆಲ್ಲ ಹೋಗುತ್ತದೆ ಅಂತ ಆಗ ಅಂದುಕೊಂಡಿದ್ದೆ. ಈಗ ಕಾಲೇಜಿನ ಕಾಂಪೌಂಡಿನಲ್ಲೇ, ನನ್ನ ಕ್ಲಾಸಿನ ಮಕ್ಕಳೇ, ಆ ಆಣೆಯನ್ನು ಗುಡಿಯಿಂದ ಡಬ್ಬಿಗೆ ತಂದಿದ್ದಾರೆ. ಸುಧಾರಣೆ ಅಂದರೆ ಇದೇ ಇರಬೇಕು.

ಆದರೂ ಒಂದು ಆಸೆ ಉಳಿದಿತ್ತು. ಎರಡನೇ ಸೆಮಿಸ್ಟರ್ ಇದೆಯಲ್ಲ. ಒಪ್ಪಂದ ಒಪ್ಪಂದವೇ, ಶಾಹೀನಾ ಆಗ ಸಿ.ಆರ್. ಆಗುತ್ತಾಳೆ, ಕೀ ಆಗ ಬರುತ್ತದೆ. ಹುಡುಗಿಯೂ ಅದನ್ನೇ ನೆಚ್ಚಿಕೊಂಡು ಇಡೀ ಸೆಮಿಸ್ಟರ್ ತುಂಬಿದ ಬಾಟಲಿ ತುಂಬಿದ ಹಾಗೇ ಮನೆಗೆ ಒಯ್ದಳು.

ಕಳೆದ ಸೋಮವಾರ ಎರಡನೇ ಸೆಮಿಸ್ಟರ್ ಶುರುವಾಯಿತು. ಈಗ ಶಾಹೀನಾ ಸಿ.ಆರ್. ಅಲ್ಲವಾ ಅಂತ ನಾನೇ ಕೇಳಿದೆ. ಬೆಂಚು ಬಡಿದಿದ್ದ ಹುಡುಗಿಯರು ಬ್ಯಾಗಿನ ಜಿಪ್ ಎಳೆಯುತ್ತಾ ಕೂತರು. ಕೊನೆಗೆ ಒಬ್ಬಳು, ಮನೋಜನಿಗೆ ಎಕ್ಸ್‌ಪೀರಿಯನ್ಸ್ ಆಗಿದೆ, ಅವನೇ ಮುಂದುವರಿಯಲಿ ಅಂದಳು. ಅವಳ ಬಸ್ ಪಾಸಿಗೆ ಓಡಾಡಿದ್ದು ಅವನೇ.

ನಾನು ಮನೋಜನ ಕಡೆ ತಿರುಗಿದೆ. ಆಣೆ ಮಾಡಿದ್ದಿರಲ್ಲಪ್ಪ, ಅದೇನಾಯಿತು?

“ಆಣೆ ಮಾಡಿದ್ದು ವೋಟ್ ಹಾಕೋರು ಮೇಡಂ,” ಅಂದ, ಏನೂ ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ. “ನಾನ್ ಕ್ಯಾಂಡಿಡೇಟು. ನಾನು ಡಬ್ಬಿ ಹಿಡ್ಕೊಂಡಿದ್ದೆ.”

ಮುಖದಲ್ಲಿ ಕಪಟ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕಳ್ಳನಾಗಿದ್ದರೆ ಬೈಯಬಹುದಿತ್ತು, ಇವನು ಊರಲ್ಲಿ ಕಂಡದ್ದನ್ನು ಕಂಡ ಹಾಗೆ ಮಾಡಿದ್ದಾನೆ. ಅಜ್ಜಿಯ ಕಾಲದ ಗುಡಿಯ ಅಂಗಳವನ್ನು ಮತ್ತೆ ಕಣ್ಣಮುಂದೆ ತಂದುಕೊಂಡೆ. ತಟ್ಟೆಯ ಮೇಲೆ ಊರಿನ ಕೈಯೆಲ್ಲ ಇತ್ತು. ವೋಟಿಗೆ ನಿಂತವನ ಕೈ? ಅವನು ಪಕ್ಕದಲ್ಲಿ ಎಲೆ ಅಡಿಕೆ ಹಂಚುತ್ತಾ ನಿಂತಿರುತ್ತಿದ್ದ. ಆಣೆ ಯಾವತ್ತೂ ವೋಟು ಹಾಕುವವರಿಗೆ ಮಾತ್ರ. ಇಷ್ಟು ಸಣ್ಣ ವಿಷಯ ಕಾಣಲು ನನಗೆ ಇಷ್ಟು ವರ್ಷ ಬೇಕಾಯಿತು.

ಇದೆಲ್ಲ ಬೇಡ, ಮತ್ತೆ ವೋಟಿಂಗ್ ಮಾಡಿಸುತ್ತೇನೆ ಅಂತ ಸಂಜೆ ಶಾಹೀನಾಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

“ಬೇಡ ಮೇಡಂ. ಮತ್ತೆ ಡಬ್ಬಿ ತೆಗೀತಾರೆ.”

ಆವತ್ತು ತೆಗೆದದ್ದು ಯಾರ ಡಬ್ಬಿಯಮ್ಮ ಅಂತ ಸುಮ್ಮನೆ, ಮಾತಿಗೆ ಕೇಳಿದೆ.

“ನಂದೇ ಮೇಡಂ.”

ಉಳಿದವರ ಡಬ್ಬಿಯಲ್ಲಿ ಚಪಾತಿ, ಚಿತ್ರಾನ್ನ, ಪುಳಿಯೋಗರೆ ಇತ್ತಂತೆ. ಆಣೆಗೆ ಬಿಳಿ ಅನ್ನವೇ ಆಗಬೇಕಂತೆ. ಬೆಳಗ್ಗೆ ಅಮ್ಮ ಅವಸರದಲ್ಲಿ ಅನ್ನ ಒಂದು ಕಡೆ, ಸಾರು ಒಂದು ಕಡೆ ಹಾಕಿ ಕಳಿಸಿದ್ದು ಇವಳಿಗೊಬ್ಬಳಿಗೇ. ಆಮೇಲೆ ಆ ಅನ್ನ ತಿಂದೆಯಾ ಅಂದೆ. ಆಣೆ ಮಾಡಿದ ಅನ್ನ ಹೇಗೆ ತಿನ್ನುವುದು, ಮರದ ಬುಡಕ್ಕೆ ಹಾಕಿ ಬಂದೆ ಅಂದಳು. ಆವತ್ತು ಅವಳು ಹಸಿದುಕೊಂಡೇ ಪರದೆಯ ಹಿಂದೆ ಹೋಗಿ ಮನೋಜನ ಹೆಸರು ಬರೆದಿದ್ದಳು.

ಕೀ ಈಗಲೂ ಆ ಡ್ರಾಯರಿನಲ್ಲೇ ಇದೆ. ಅಂದಹಾಗೆ, ಮೊದಲ ಸೆಮಿಸ್ಟರಿನ ಪರೀಕ್ಷೆಯಲ್ಲಿ ‘ಗುಪ್ತ ಮತದಾನದ ಮಹತ್ವವನ್ನು ವಿವರಿಸಿ’ ಅನ್ನುವ ಪ್ರಶ್ನೆಗೆ ಇಡೀ ಕ್ಲಾಸಿನಲ್ಲಿ ಚೆನ್ನಾಗಿ ಬರೆದವಳು ಶಾಹೀನಾನೇ.

ಅನ್ನ ಅವಳದು, ಆಣೆ ಅವಳದು, ಉಪವಾಸವೂ ಅವಳದೇ. ‘ರಾಜಕೀಯ ಎಂದರೇನು’ ಅಂತ ಆ ಹುಡುಗಿಗೆ ನಾನು ಇನ್ನೇನು ಹೇಳಿಕೊಡಲಿ?