ರಿಕ್ಲೆ ಮೇಜು ಬಡಿದ ಶನಿವಾರ

ಝಲೂಚ್ಕ ಎಂಬ ಯೆಹೂದಿ ಊರಿನ ಹೆಂಗಸರಿಗೆ ದೇವರು ಏನು ಹೇಳಿದ ಅನ್ನುವುದು ರಿಕ್ಲೆಯ ಬಾಯಿಂದಲೇ ತಿಳಿಯಬೇಕಿತ್ತು. ಪ್ರತಿ ಶನಿವಾರ ಪ್ರಾರ್ಥನಾ ಮಂದಿರದಲ್ಲಿ ಗಂಡಸರು ಧರ್ಮಗ್ರಂಥ ತೋರಾದ ಸುರುಳಿ ಬಿಚ್ಚಿ ಆ ವಾರದ ಪಾಠ ಓದುತ್ತಿದ್ದರು. ಮೇಲಿನ ಹೆಂಗಸರ ಅಟ್ಟದಲ್ಲಿ, ಜಾಲರಿಯ ಈಚೆ ಕೂತು, ರಿಕ್ಲೆ ಅದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಹೇಳುವಾಗ ತನ್ನದೂ ಒಂದು ಒಗ್ಗರಣೆ ಹಾಕುತ್ತಿದ್ದಳು. ಅದಕ್ಕೆ ದೇವರು ಬೇಡವೆಂದದ್ದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಏಸಾವ ಒಂದು ಬಟ್ಟಲು ಬೇಳೆ ಗಂಜಿಗೆ ಹಿರಿಮಗನ ಹಕ್ಕು ಮಾರಿಕೊಂಡ ವಾರ ಅವಳ ಉಪದೇಶ ಇಷ್ಟೇ: "ಹಸಿದುಕೊಂಡು ವ್ಯಾಪಾರಕ್ಕೆ ಕೂರ್ಬೇಡ್ರೇ, ಮೊದ್ಲು ಉಣ್ಣಿ." ರೆಬೆಕ್ಕ ಒಂಟೆಗಳಿಗೆ ನೀರು ಸೇದಿದ ವಾರ, "ಸೊಸೆ ಹುಡುಕೋರು ಮೂಗು ನೋಡ್ಬೇಡಿ, ಬಾಯಾರಿದ ದನಕ್ಕೆ ನೀರಿಡ್ತಾಳಾ ನೋಡಿ." ಬಿಳಾಮನ ಕತ್ತೆ ದಾರಿಯಲ್ಲಿ ನಿಂತು ಮಾತಾಡಿದ ವಾರವಂತೂ ಗಾಡಿಯವನ ಹೆಂಡತಿಯನ್ನು ನೆಟ್ಟಗೆ ನೋಡುತ್ತಾ, "ನಿಂತ ಪ್ರಾಣೀನ ಬಡೀಬೇಡಿ, ಯಾಕೆ ನಿಂತ್ಯಪ್ಪ ಅಂತ ಕೇಳಿ" ಅಂದಿದ್ದಳು. ಆ ವಾರವೆಲ್ಲ ಗಾಡಿಯವನ ಕುದುರೆಗೆ ಏಟು ಬೀಳಲಿಲ್ಲ.

ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರವರ ಸ್ನಾನದ ಮನೆಯ ಹಿಂದೆ ಮಂದಿರದವರು ಕೊಟ್ಟ ಒಂದು ಕೋಣೆ, ಅಂಗಳದಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಪೀಪಾಯಿಗಳು, ಬಾಯಿ ತುಂಬ ಮಾತು. ಇಷ್ಟಿದ್ದರೆ ಸಾಲದೇ? ರಿಕ್ಲೆಗೆ ಸಾಕಾಗಿತ್ತು.

ಆ ವಸಂತದಲ್ಲಿ ಅವಳ ಗೆಳತಿ ಬ್ರೈನೆ ತೀರಿಕೊಂಡಳು. ಅಟ್ಟದ ಮುಂದಿನ ಸಾಲಿನಲ್ಲಿ, ಜಾಲರಿಯ ಕಂಡಿಗೆ ಅಂಟಿಕೊಂಡಿದ್ದ ಜಾಗ ಬ್ರೈನೆಯದು. ಕೆಳಗಿನ ಓದು ಸ್ಪಷ್ಟವಾಗಿ ಕೇಳುವುದು ಅಲ್ಲಿಗೇ. ತಾಯಿಯ ಮೇಣದಬತ್ತಿಯ ಕಂಬಗಳು ಮಗಳಿಗೆ ಬರುವ ಹಾಗೆ ಮಂದಿರದ ಜಾಗವೂ ಮಗಳಿಗೇ ಬರುವುದು ರೂಢಿ. ಆದರೆ ಮಗಳು ತೌಬ ಕಂಡವರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವಳು, ಮದುವೆಯಾಗದವಳು, ಕೇಳುವವರಿಲ್ಲದವಳು. ಮಂದಿರದ ಯಜಮಾನ ಅನ್‌ಶೆಲ್ ಆ ಜಾಗದಲ್ಲಿ ತನ್ನ ಹೆಂಡತಿ ಖಾಸ್ಯೆಯನ್ನು ಕೂರಿಸಿದ. ತೌಬ ಹಿಂದೆ ಮೆಟ್ಟಿಲ ಬಳಿ ನಿಲ್ಲತೊಡಗಿದಳು.

ಬೇಸಿಗೆಯ ಒಂದು ಬುಧವಾರ ಪೀಪಾಯಿಗೆ ಸಬ್ಬಸಿಗೆ ತೊಳೆದುಕೊಡಲು ತೌಬ ಬಂದಿದ್ದಳು. ರಿಕ್ಲೆ ಎಂದಿನಂತೆ ಬರುವ ಶನಿವಾರದ ಕತೆ ಶುರುಮಾಡಿದಳು. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು, ಅಪ್ಪನ ಪಾಲು ನಮಗೆ ಕೊಡಿ ಎಂದು ಇಡೀ ಜನರೆದುರು ಮೋಶೆಯ ಮುಂದೆ ನಿಂತ ಕತೆ.

"ನೋಡು ಮಗಳೇ, ಇದ್ರಿಂದ ಕಲೀಬೇಕಾದ್ದು ಏನಪ್ಪಾ ಅಂದ್ರೆ, ಬಾಯಿ ಬಿಟ್ಟು ಕೇಳ್ದೆ ಯಾವ್ದೂ ಸಿಗಲ್ಲ."

ತೌಬ ಸೊಪ್ಪು ಕೊಡವುತ್ತಾ ಕೇಳಿದಳು: "ಅವರು ಐದು ಜನ ಇದ್ರಲ್ಲ ಅತ್ತೆ. ಒಬ್ಬಳೇ ಇದ್ದಿದ್ರೆ?"

ರಿಕ್ಲೆ ಪೀಪಾಯಿಯ ಮುಚ್ಚಳ ಸರಿಮಾಡತೊಡಗಿದಳು. ಉತ್ತರ ಗೊತ್ತಿತ್ತು, ಕಷ್ಟ ಅದೇ. ಅನ್ಯಾಯವಾದವರು ಯಾರೇ ಆಗಲಿ, ಓದುವ ಮೇಜು ಬಡಿದು ಓದು ತಡೆಯಬಹುದು. ಅವರ ಮಾತು ಕೇಳುವ ತನಕ ಸುರುಳಿ ಬಿಚ್ಚುವ ಹಾಗಿಲ್ಲ. ಹಳೆಯ ಹಕ್ಕು. ಆದರೆ ಹೆಂಗಸೊಬ್ಬಳು ಹಾಗೆ ಮಾಡಿದ್ದನ್ನು ರಿಕ್ಲೆ ಕಂಡಿರಲಿಲ್ಲ. ಮೇಲಾಗಿ ಅವಳ ಕೋಣೆ ಅನ್‌ಶೆಲ್‌ನ ಕೈಯಲ್ಲಿತ್ತು. ಈ ವಯಸ್ಸಿನಲ್ಲಿ ಪೀಪಾಯಿ ಉರುಳಿಸಿಕೊಂಡು ಎಲ್ಲಿಗೆ ಹೋಗುವುದು? ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಊರಿಗೆಲ್ಲ ಬುದ್ಧಿ ಹೇಳಿದ್ದು ಸುಲಭವಾಗಿತ್ತು.

ಶನಿವಾರ ಸುರುಳಿಯನ್ನು ಮೇಜಿಗೆ ತಂದರು. ಅಷ್ಟರಲ್ಲಿ ರಿಕ್ಲೆ ತೌಬಳ ಕೈಹಿಡಿದು ಮೆಟ್ಟಿಲಿಳಿದು, ಗಂಡಸರ ನಡುವೆ ನುಗ್ಗಿ, ಅಂಗೈಯಿಂದ ಮೇಜು ಬಡಿದಳು.

ಗಂಡಸರೆಲ್ಲ ತಿರುಗಿ ನೋಡಿದರು. ರಿಕ್ಲೆಗೋ ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣದಲ್ಲಿ ಒಂದು ಪದವೂ ನಾಲಿಗೆಗೆ ಬರಲೊಲ್ಲದು.

"ಏನ್ ರಿಕ್ಲೆ, ಸೌತೆಕಾಯಿ ಹುಳಿ ಬಂತು ಅಂತ ಹೇಳೋಕ್ ಬಂದ್ಯಾ?" ಎಂದ ಅನ್‌ಶೆಲ್. ಗಂಡಸರು ನಕ್ಕರು.

ಮಂದಿರದ ಗುರುಗಳಾದ ರಬ್ಬಿ ಸುರುಳಿಯ ಮೇಲೆ ಬಟ್ಟೆ ಮುಚ್ಚಿ ಕೂತುಬಿಟ್ಟರು. "ನಗೋದು ಆಮೇಲೆ. ಇವರ ಮಾತು ಕೇಳೋ ತನಕ ಓದೋದಿಲ್ಲ. ಸಂಜೆ ಆದ್ರೂ ಸರಿ."

ಮನೆಗಳ ಒಲೆಯಲ್ಲಿ ಊಟ ಕಾಯುತ್ತಿತ್ತು, ನಗು ನಿಂತಿತು. ರಿಕ್ಲೆ ಇನ್ನೂ ತಡವರಿಸುತ್ತಿದ್ದಳು. ಆಗ ತೌಬ ಬಾಯಿ ಬಿಟ್ಟಳು.

"ಕಂಡಿ ಹತ್ರ ನಮ್ಮಮ್ಮನ ಜಾಗ. ಮರದ ಮೇಲೆ ಅವಳ ಮೊಣಕೈ ಊರಿ ಸವೆದಿದೆ, ಬೇಕಾದ್ರೆ ನೋಡಿ. ನಾನು ನಿಲ್ಲೋ ಕಡೆ ಏನೂ ಕೇಳ್ಸಲ್ಲ. ಅಮ್ಮ ಕೇಳಿದ್ದನ್ನ ನಾನೂ ಕೇಳ್ಬೇಕು."

"ಅಲ್ಲಮ್ಮ, ಖಾಲಿ ಬಿದ್ದ ಜಾಗ..." ಎಂದು ಅನ್‌ಶೆಲ್ ರಾಗ ಎಳೆಯುವಷ್ಟರಲ್ಲಿ ಮೇಲಿನಿಂದ ಖಾಸ್ಯೆಯ ದನಿ ಜಾಲರಿ ಸೀಳಿಕೊಂಡು ಬಂತು.

"ಏನ್ರೀ! ತೌಬ ತಾನೇ ಬೇಡ ಅಂದ್ಲು ಅಂದಿದ್ರಲ್ಲ ನೀವು? ತಾಯಿ ಕಳ್ಕೊಂಡ ಹುಡುಗಿ ಜಾಗದಲ್ಲಿ ನನ್ನ ಕೂರಿಸಿದ್ರಾ? ಎದ್ದೆ ನೋಡಿ ನಾನು, ಎದ್ದೆ!"

ಅನ್‌ಶೆಲ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ರಬ್ಬಿ ಅವನನ್ನೇ ನೋಡಿದರು, ಅವನು ಜಾಗ ತೌಬಳದೇ ಎಂದು ತಲೆಯಾಡಿಸಿದ. ರಿಕ್ಲೆಯ ಕೋಣೆಯ ಸುದ್ದಿಯನ್ನು ಅವನು ಮುಂದೆಂದೂ ಎತ್ತಲಿಲ್ಲ. ಎತ್ತುವುದಕ್ಕೆ ಮನೆಯಲ್ಲಿ ಖಾಸ್ಯೆ ಬಿಡಬೇಕಲ್ಲ.

ತೌಬ ಓಡಿ ಮೇಲೇರಿದಳು. ರಿಕ್ಲೆ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳು ಸುಧಾರಿಸಿಕೊಂಡು ಅಟ್ಟ ಹತ್ತುವಷ್ಟರಲ್ಲಿ ಐವರು ಅಕ್ಕತಂಗಿಯರ ಓದು ಮುಗಿದೇ ಹೋಗಿತ್ತು. ಹೆಂಗಸರೆಲ್ಲ ಅಭ್ಯಾಸಬಲದಿಂದ ಅವಳ ಕಡೆ ತಿರುಗಿದರು. ರಿಕ್ಲೆಗೆ ಉಸಿರೇ ಬರುತ್ತಿರಲಿಲ್ಲ, ಮಾತೆಲ್ಲಿಂದ ಬರಬೇಕು?

ಕಂಡಿಯ ಬಳಿಯಿಂದ ತೌಬ, "ನೀನು ಕೂತ್ಕೊ ಅತ್ತೆ, ನಾನು ಹೇಳ್ತೀನಿ" ಅಂದಳು. ಬುಧವಾರ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ಹೇಳಿದಳು. ಕೊನೆಯಲ್ಲಿ, "ಅವರ ಜೊತೆ ಒಬ್ಬಳು ಅತ್ತೇನೂ ಬಂದಿದ್ಳು. ತುಂಬ ಹೆದರಿದ್ಳು, ಆದ್ರೂ ಬಂದ್ಳು. ಅವಳ ಹೆಸರು ಸುರುಳೀಲಿ ಬರೆದಿಲ್ಲ, ಅಷ್ಟೇ" ಅಂದಳು.

ಹಾಗೆಲ್ಲ ಎಲ್ಲಿಯೂ ಇಲ್ಲವೆಂದು ರಿಕ್ಲೆಗೆ ಚೆನ್ನಾಗಿ ಗೊತ್ತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ತಿದ್ದಲಿಲ್ಲ.