ಫೈಕ್ ಬಲೆಯ ಮೂಲ

ನಿಘಂಟಿನಲ್ಲಿ ನನಗೆ ಮೈಯುರಿ ಬರಿಸುತ್ತಿದ್ದ ಮಾತು ಒಂದೇ: ‘ಮೂಲ ತಿಳಿಯದು’. ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸದೆ ಕಳಿಸಿದ ಹಾಗೆ. ಪದವ್ಯುತ್ಪತ್ತಿಯ ಈ ಹುಚ್ಚು ನನಗೆ ಅಂಟಿದ್ದು ನಿವೃತ್ತಿಯ ನಂತರ. ನಾವು ನೆಲೆಸಿರುವ ಪರದೇಶದ ಊರು ಕೆಂಡಲ್ ಪಾರ್ಕಿನಲ್ಲಿ ಚಳಿಗಾಲ ದೀರ್ಘ, ಕೇಳುವವರು ವಿರಳ. ನಾನು ‘ಈ ಪದ ಇದೆಯಲ್ಲ’ ಎಂದೊಡನೆ ಮಡದಿಗೆ ಒಲೆಯ ಮೇಲಿಟ್ಟ ಕುಕ್ಕರ್ ನೆನಪಾಗುತ್ತದೆ.

ಎದ್ದು ಹೋಗದೆ ಕೂತು ಕೇಳುತ್ತಿದ್ದವರು ನಜೀರ್ ಸಾಹೇಬರೊಬ್ಬರೇ. ಮೈಸೂರಿನ ಮಂಡಿ ಮೊಹಲ್ಲಾದವರು. ಇಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಭಾನುವಾರಗಳಂದು ಇಬ್ಬರೂ ರಾರಿಟನ್ ಕೊಲ್ಲಿಯ ದಂಡೆಗೆ ಹೋಗುತ್ತಿದ್ದೆವು. ಗಾಳ ಅವರದು, ಮಾತು ನನ್ನದು, ಮೀನು ಇಬ್ಬರದೂ ಅಲ್ಲ. ಅಲ್ಲೊಮ್ಮೆ ಮುದುಕನೊಬ್ಬ ಬಳೆ ಬಳೆ ಜೋಡಿಸಿದ ಚೀಲದಂಥ ಬಲೆಯೊಂದನ್ನು ಒಣಹಾಕುತ್ತಿದ್ದ. ಅದರ ಹೆಸರು ‘ಫೈಕ್’, ಹಿಂದೆ ಡಚ್ಚರು ತಂದದ್ದು ಎಂದ. ಬಾಯಿ ಅಗಲ, ಒಳಗೆ ಕಿರಿದಾಗುತ್ತ ಹೋಗುವ ಕೊರಳು. ಹೊಕ್ಕ ಮೀನಿಗೆ ಬಂದ ದಾರಿ ಸಿಗುವುದಿಲ್ಲ. ನಮ್ಮ ಬಿದಿರಿನ ಕೂಳಿಯ ದೂರದ ನೆಂಟ.

‘ಡಚ್ಚರಿಗೆ ಈ ಪದ ಎಲ್ಲಿಂದ ಬಂತು ಸಾರ್?’ ಎಂದರು ನಜೀರ್. ಹುಡುಕಿ ಹೇಳುತ್ತೇನೆಂದು ನಾನು ಗತ್ತಿನಿಂದ ಮಾತು ಕೊಟ್ಟೆ.

ಮರುತಿಂಗಳು ಅವರ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು, ಹಾಸಿಗೆ ಹಿಡಿದರು. ಫೋನಿನಲ್ಲಿ ಪ್ರತಿಸಲವೂ ಅದೇ ಪ್ರಶ್ನೆ: ‘ಪದದ ಕಥೆ ಸಿಕ್ತಾ ಸಾರ್? ಫೋನಲ್ಲಿ ಬೇಡ, ಬಂದು ಹೇಳಿ.’

ಅರೆಬರೆ ಉತ್ತರ ಹಿಡಿದು ಹೋಗುವುದು ನನ್ನ ಪಾಂಡಿತ್ಯಕ್ಕೆ ಅವಮಾನವಲ್ಲವೇ? ‘ಫೈಕ್’ನಿಂದ ಡಚ್ಚಿನ ‘ಫೊಯ್ಕ್’ಗೆ, ಅಲ್ಲಿಂದ ಹಳೆಯ ಡಚ್ಚಿನ ‘ಫೂಕೆ’ಗೆ ಇಳಿಯುತ್ತ ಹೋದೆ. ಅದರಾಚೆಗೆ ನಾನು ತೆರೆದ ನಿಘಂಟುಗಳೆಲ್ಲ ಕೈಚೆಲ್ಲಿದವು: ಮೂಲ ತಿಳಿಯದು. ಆದರೂ ಸೋಲೊಪ್ಪದೆ ಲೈಬ್ರರಿಯಿಂದ ಇನ್ನೊಂದು ಪುಸ್ತಕ ತರಿಸಲು ಹೇಳಿ ಮೂರು ವಾರ ಕಾದೆ. ಪುಸ್ತಕ ಬಂದ ದಿನವೇ ಅವರ ಮಗಳ ಫೋನೂ ಬಂತು. ಬೆಳಗಿನ ಜಾವ ನಜೀರ್ ತೀರಿಕೊಂಡಿದ್ದರು.

ದಫನ್ ಮುಗಿದ ಮೇಲೆ ಆ ಹುಡುಗಿ ನನ್ನ ಬಳಿ ಬಂದು, ‘ಅಂಕಲ್, ಅಬ್ಬಾಗೆ ಆ ವರ್ಡ್ ಏನೂ ಬೇಕಿರ್ಲಿಲ್ಲ. ನನ್ನ ನೋಡೋಕೆ ಬನ್ನಿ ಅನ್ನೋಕೆ ಅವರಿಗೆ ಸಂಕೋಚ, ಅದಕ್ಕೇ ಅದನ್ನ ಕೇಳ್ತಿದ್ರು. ಹೀ ವಾಸ್ ಜಸ್ಟ್ ವೇಟಿಂಗ್ ಫಾರ್ ಯು,’ ಎಂದಳು. ನನಗೆ ತುಂಬ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಓದುಗ ಮಿತ್ರರೇ, ‘ಮೂಲ ತಿಳಿಯದು’ ಎಂಬುದನ್ನು ಕಂಡರೆ ನನಗೆ ಈಗ ಸಿಟ್ಟು ಬರುವುದಿಲ್ಲ. ಎರಡೇ ಪದ. ಹತ್ತು ನಿಮಿಷ ಡ್ರೈವ್ ಮಾಡಿ, ಅವರ ಮಂಚದ ಪಕ್ಕ ಕೂತು, ಅಷ್ಟನ್ನೇ ಹೇಳಿ ಬರಬಹುದಿತ್ತು. ನಜೀರ್ ನಕ್ಕು, ಚಹಾ ತರಿಸುತ್ತಿದ್ದರು.